ಕಥೆ ಚೆನ್ನಾಗಿ ಹೇಳುವ ಮಗನಿಗೆ ಓದು ಮಾತ್ರ ಹತ್ತುತ್ತಿಲ್ಲ, ಇದು ಡಿಸ್ಲೆಕ್ಸಿಯಾ ಇರಬಹುದೇ?

ನಾಲ್ಕನೆಯ ತರಗತಿಯ ಮಗ ಕೇಳಿದ ಕಥೆಯನ್ನೆಲ್ಲ ಹೇಳುತ್ತಾನೆ, ಓದಲು ಕೂರಿಸಿದರೆ ಬೆವರುತ್ತಾನೆ, ಶಾಲೆಯಲ್ಲಿ ಸೋಮಾರಿ ಎನ್ನುತ್ತಾರೆ ಎಂದು ಕಲಬುರಗಿಯಿಂದ ಬರೆದಿದ್ದೀರಿ. ನಾನು ಯಾದಗಿರಿ ಜಿಲ್ಲೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮಗುವನ್ನು ನೋಡದೆ ಹೌದು, ಅಲ್ಲ ಎನ್ನುವವರನ್ನು ನಂಬಬೇಡಿ. ಆದರೆ ಒಂದು ಸಾಲಿಗೆ ಬೆವರುವ ಹುಡುಗ ಸೋಮಾರಿಯಂತೂ ಅಲ್ಲ. ಅವನು ಉಳಿದವರಿಗಿಂತ ಹೆಚ್ಚು ದುಡಿಯುತ್ತಿದ್ದಾನೆ.

ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ, ದಡ್ಡತನವೂ ಅಲ್ಲ. ಮಾತನ್ನು ಸಣ್ಣ ಸಣ್ಣ ದನಿಗಳಾಗಿ ಬಿಡಿಸಿ ಅಕ್ಷರಕ್ಕೆ ಜೋಡಿಸುವ ಕೆಲಸ ಮಿದುಳಿನಲ್ಲಿ ಸಲೀಸಾಗಿ ನಡೆಯುವುದಿಲ್ಲ. ವಂಶದಲ್ಲಿ ಬರುವುದೂ ಉಂಟು. ಕನ್ನಡದಲ್ಲಿ ಇದು ಒತ್ತಕ್ಷರಗಳ ಹತ್ತಿರ ಚೆನ್ನಾಗಿ ಕಾಣುತ್ತದೆ. ‘ಸೂರ್ಯ’ ಎನ್ನುವಾಗ ರಕಾರದ ದನಿ ಮೊದಲು ಬರುತ್ತದೆ, ಅದರ ಗುರುತಾದ ಅರ್ಕಾವತ್ತು ಕೊನೆಗೆ ಕೂರುತ್ತದೆ. ಎಲ್ಲ ಮಕ್ಕಳೂ ಇಲ್ಲಿ ಎಡವುತ್ತಾರೆ, ಹೆಚ್ಚಿನವರು ಬೇಗ ದಾಟುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಗು ಐದನೆಯ ತರಗತಿಯಲ್ಲೂ ‘ಸೂಯ್ರ’ ಎಂದೇ ಓದಬಹುದು. ಬ-ಭ, ದ-ಧ ತಪ್ಪುವುದನ್ನೇ ಹಿಡಿದು ಗಾಬರಿಯಾಗಬೇಡಿ. ನಮ್ಮ ಭಾಗದಲ್ಲಿ ಮಹಾಪ್ರಾಣ ದೊಡ್ಡವರ ಬಾಯಲ್ಲೂ ನಿಲ್ಲುವುದಿಲ್ಲ. ಮನೆಮಾತು ಉರ್ದು, ತೆಲುಗು ಅಥವಾ ಲಂಬಾಣಿಯಾಗಿದ್ದರೆ ಕನ್ನಡ ಹೊಸದಾದ್ದರಿಂದಲೂ ಓದು ತಡವಾಗಬಹುದು.

ತೊಂದರೆ ಪುಸ್ತಕದಲ್ಲೇ ನಿಲ್ಲುವುದಿಲ್ಲ. ನನ್ನ ತರಗತಿಯ ಹುಡುಗನೊಬ್ಬ ಬಸ್ ನಿಲ್ದಾಣದಲ್ಲಿ ‘ಪುರ’ ಎಂಬುದಷ್ಟನ್ನೇ ಗುರುತಿಸಿ ಶಹಾಪುರ, ಸುರಪುರದ ಬೋರ್ಡುಗಳನ್ನು ಊಹಿಸುತ್ತಿದ್ದ. ಕೊನೆಗೆ ಕಂಡಕ್ಟರ್ ಕೂಗುವ ತನಕ ಮೆಟ್ಟಿಲ ಬಳಿ ನಿಲ್ಲುವ ಉಪಾಯ ಕಂಡುಕೊಂಡ. ಕರಿಹಲಗೆಯಿಂದ ಬರೆದುಕೊಳ್ಳುವಾಗ ಅಕ್ಷರಕ್ಕೊಮ್ಮೆ ತಲೆಯೆತ್ತುತ್ತಿದ್ದ. ಅರ್ಧ ಬರೆಯುವಷ್ಟರಲ್ಲಿ ಹಲಗೆ ಒರೆಸಿಯಾಗಿರುತ್ತಿತ್ತು. ಮಗ್ಗಿ, ತಿಂಗಳುಗಳ ಕ್ರಮ, ಎಡ-ಬಲ ಕೂಡ ಕೆಲವರಿಗೆ ಕಷ್ಟ. ಶಾಲೆಯ ದಿನ ಬೆಳಗ್ಗೆ ಮಾತ್ರ ಬರುವ ಹೊಟ್ಟೆನೋವನ್ನು ನಾಟಕ ಎನ್ನಬೇಡಿ.

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಶಾಲೆಯ ಮೂಲಕ ತಾಲ್ಲೂಕಿನ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು (ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ನೆರವಾಗುವ ಸಂಪನ್ಮೂಲ ಶಿಕ್ಷಕರು) ವಿಚಾರಿಸಿ, ಜಿಲ್ಲಾ ಆಸ್ಪತ್ರೆಯಲ್ಲಿ ಮೌಲ್ಯಮಾಪನಕ್ಕೆ ಎಲ್ಲಿ ಕಳುಹಿಸುತ್ತಾರೆಂದು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾ ಒಳಗೊಂಡ ಕಲಿಕಾ ನ್ಯೂನತೆಯೂ ಇದೆ. ಪ್ರಮಾಣಪತ್ರವಿದ್ದರೆ ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಇದಕ್ಕೆ ಮಾತ್ರೆಯಿಲ್ಲ, ಟಾನಿಕ್‌ಗೆ ದುಡ್ಡು ಸುರಿಯಬೇಡಿ.

ಮನೆಯಲ್ಲಿ ತಪ್ಪಿದ ಪದವನ್ನು ಹತ್ತು ಸಲ ಬರೆಸುವುದನ್ನು ಬಿಡಿ; ತಪ್ಪೇ ಗಟ್ಟಿಯಾಗುತ್ತದೆ. ಪದವನ್ನು ಚಪ್ಪಾಳೆ ತಟ್ಟಿ ಬಿಡಿಸಲಿ. ಕಲಬುರಗಿಯಲ್ಲಿ ತೊಗರಿಗೇನು ಬರವೇ, ನೆಲದ ಮೇಲೆ ಕಾಳು ಜೋಡಿಸಿ ಅಕ್ಷರ ಮಾಡಿ, ಬೆರಳಾಡಿಸುತ್ತ ದನಿ ಹೇಳಲಿ. ದಿನಕ್ಕೆ ಸ್ವಲ್ಪ ಹೊತ್ತು ಸಾಕು. ವಿಜ್ಞಾನ, ಸಮಾಜದ ಪಾಠಗಳನ್ನು ನೀವೇ ಓದಿ ಹೇಳಿ, ಉತ್ತರವನ್ನು ಬಾಯಲ್ಲಿ ಕೇಳಿ. ಓದು ನಿಧಾನವೆಂದು ತಿಳಿವಳಿಕೆಯೂ ಕಾಯುತ್ತ ಕೂರಬೇಕಾಗಿಲ್ಲ.

ನಾಳೆಯೇ ಶಾಲೆಗೆ ಹೋಗಿ, ಎಲ್ಲರೆದುರು ಅವನನ್ನು ನಿಲ್ಲಿಸಿ ಗಟ್ಟಿಯಾಗಿ ಓದಿಸಬೇಡಿ ಎಂದು ಕೇಳಿಕೊಳ್ಳಿ. ಅದಕ್ಕೆ ಯಾವ ಪ್ರಮಾಣಪತ್ರವೂ ಬೇಕಿಲ್ಲ.