ಎಳೆಯುವ ಮಿತಿಯೊಂದೇ ಸಾಲದು

ಪ್ರಶ್ನೆ: ಅಮೆರಿಕದಲ್ಲಿದ್ದೇವೆ, ಮನೆಯಲ್ಲಿ ನಾಲ್ವರು. ನಮ್ಮ ಎಸ್‌ಯುವಿ 5,000 ಪೌಂಡ್ ಎಳೆಯಬಲ್ಲದು. 3,900 ಪೌಂಡ್ ಖಾಲಿ ತೂಕದ ಟ್ರಾವೆಲ್ ಟ್ರೈಲರ್ (ವಾಹನದ ಹಿಂದೆ ಎಳೆದೊಯ್ಯುವ ಪುಟ್ಟ ಮನೆ) ಕೊಳ್ಳಬಹುದೇ?

ಉತ್ತರ: ದಯವಿಟ್ಟು ಬೇಡ. ಖಾಲಿ ಟ್ರೈಲರ್ ಯಾರೂ ಎಳೆಯುವುದಿಲ್ಲ. 40 ಗ್ಯಾಲನ್ ನೀರೇ 330 ಪೌಂಡ್ ದಾಟುತ್ತದೆ. ಗ್ಯಾಸು, ಪಾತ್ರೆ, ಹಾಸಿಗೆ ಸೇರಿದರೆ 4,800 ಆದೀತು. ಅದರ ಶೇ 10ರಿಂದ 15 ಭಾರ ಹಿಚ್ (ಟ್ರೈಲರನ್ನು ವಾಹನಕ್ಕೆ ಜೋಡಿಸುವ ಕೊಂಡಿ) ಮೇಲೆ ಕೂರುತ್ತದೆ, ಅಂದರೆ ಸುಮಾರು 600 ಪೌಂಡ್. ಈಗ ಚಾಲಕನ ಬಾಗಿಲು ತೆರೆದು ಚೌಕಟ್ಟಿನ ಸ್ಟಿಕ್ಕರ್ ಓದಿ. ವಾಹನ ಹೊರಬಲ್ಲ ಮಿತಿ ಜನ, ಸಾಮಾನು ಸೇರಿ 1,200 ಪೌಂಡ್ ಎಂದಿದ್ದರೆ, ಹಿಚ್ ಭಾರವೂ ಅದರಲ್ಲೇ ಸೇರಬೇಕು: ನಾಲ್ವರಿಗೆ 600, ಹಿಚ್‌ಗೆ 600, ಒಂದು ಚೀಲಕ್ಕೂ ಜಾಗವಿಲ್ಲ. ಹಿಚ್ ಭಾರ ತಗ್ಗಿಸಲೆಂದು ಸಾಮಾನನ್ನು ಟ್ರೈಲರಿನ ಹಿಂಬದಿಗೆ ತುಂಬಬೇಡಿ, ಹೆದ್ದಾರಿಯಲ್ಲಿ ಬಾಲ ತೂಗಾಡುತ್ತದೆ. ಇದೇ ನಿಜವಾದ ಅಪಾಯ. ತುಂಬಿದ ಗರಿಷ್ಠ ತೂಕವೇ 3,500 ಇರುವುದನ್ನು ಹುಡುಕಿ, ವಾಹನದಿಂದಲೇ ಟ್ರೈಲರಿನ ಬ್ರೇಕ್ ನಡೆಸುವ ಬ್ರೇಕ್ ಕಂಟ್ರೋಲರ್ ಹಾಕಿಸಿ.