ಪ್ರತಿಕ್ರಿಯೆ: ಚೆಂಗ್ಡುವಿನಲ್ಲಿ ಒಂದೇ ದಿನ ಇದ್ದರೆ

ಚೀನಾದ ಚೆಂಗ್ಡು ನಗರದಲ್ಲಿ ಒಂದೇ ದಿನ ಇದೆ, ಪ್ರಾಚೀನ ಅವಶೇಷಗಳ ಎರಡು ಮ್ಯೂಸಿಯಂಗಳಲ್ಲಿ ಸಾನ್‌ಶಿಂಗ್‌ಡ್ವೇಗೆ ಹೋಗಲಾ, ಜಿನ್ಶಾಗೆ ಹೋಗಲಾ ಅಂತ ಕೇಳಿದ್ದೀರಿ. ನನ್ನ ಮತ ಸಾನ್‌ಶಿಂಗ್‌ಡ್ವೇಗೆ. ಚೆಂಗ್ಡುವಿನಿಂದ ಆ ಮ್ಯೂಸಿಯಂ ಹತ್ತಿರದ ಊರಾದ ಗ್ವಾಂಗ್‌ಹಾನ್‌ಗೆ ಹೈಸ್ಪೀಡ್ ರೈಲು ಇದೆ. ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ.

2023ರಲ್ಲಿ ತೆರೆದ ಹೊಸ ಕಟ್ಟಡ ತುಂಬಾ ದೊಡ್ಡದು. ಹಾಗಾಗಿ ಕಂಚಿನ ವಸ್ತುಗಳಿಗೇ ಜಾಸ್ತಿ ಸಮಯ ಕೊಡಿ. ಕಣ್ಣುಗುಡ್ಡೆ ಕೊಳವೆಯ ಹಾಗೆ ಮುಂದಕ್ಕೆ ಚಾಚಿದ ಮುಖವಾಡ, ಸುಮಾರು 4 ಮೀಟರ್ ಎತ್ತರದ ಕಂಚಿನ ಮರ, ಪೀಠ ಸೇರಿ 2.6 ಮೀಟರ್ ಎತ್ತರ ನಿಂತಿರುವ ಮನುಷ್ಯ. ಮೂರೂ 1986ರಲ್ಲಿ ಸಿಕ್ಕಿದ ಎರಡನೇ ಗುಂಡಿಯವು. ಸುಮಾರು 3000 ವರ್ಷಗಳ ಹಿಂದೆ ಅಲ್ಲಿನ ಜನ ಇವನ್ನೆಲ್ಲ ಒಡೆದು, ಸುಟ್ಟು ಹೂತಿದ್ದರು. ಯಾಕೆ? ಓದಿ ತಿಳಿಯೋಣವೆಂದರೆ ಅವರು ಬರಹವನ್ನೇ ಬಿಟ್ಟು ಹೋಗಿಲ್ಲ! ಹತ್ತಿರದಿಂದ ನೋಡಿದರೆ ಆ ಕಂಚಿನ ಮರದ ಮುರಿದ ತುಂಡುಗಳನ್ನು ಜೋಡಿಸಿದ ಗುರುತೂ ಕಾಣುತ್ತದೆ. ಬೇಗ ಬೇಗ ದಾಟಿ ಹೋಗಬೇಡಿ.

ಅಗೆದ ನೆಲವನ್ನೇ ನೋಡುವ ಆಸೆ ಇದ್ದರೆ ಮಾತ್ರ ಜಿನ್ಶಾ. ಅದು ನಗರದೊಳಗೇ ಇದೆ. 2001ರಲ್ಲಿ ಕಟ್ಟಡದ ಕೆಲಸದ ವೇಳೆ ಸಿಕ್ಕಿದ ಜಾಗ. ಮಾಡಿನ ಕೆಳಗೆ, ಅಗೆದ ಗುಂಡಿಗಳ ಪಕ್ಕದಲ್ಲೇ ನಡೆಯಬಹುದು. ಸೂರ್ಯನ ಸುತ್ತ ಹಕ್ಕಿಗಳು ಹಾರುವ ಪುಟ್ಟ ಚಿನ್ನದ ತಗಡು ‘ಸೂರ್ಯಪಕ್ಷಿ’ ಇರುವುದೂ ಅಲ್ಲೇ.

ಸಾನ್‌ಶಿಂಗ್‌ಡ್ವೇ ಟಿಕೆಟನ್ನು ಪಾಸ್‌ಪೋರ್ಟ್ ನಂಬರ್ ಕೊಟ್ಟು ಮೊದಲೇ ಬುಕ್ ಮಾಡಿ. ರಜಾದಿನಗಳಲ್ಲಿ ಸುಮ್ನೆ ಹೋಗಿ ನಿಂತರೆ ಸಿಗುವುದು ಕಷ್ಟ.