ಡಿಸೆಂಬರ್‌ನಲ್ಲಿ ಬರಬೇಡಿ, ಇಲ್ಲಿ ಹತ್ತಿ ಬಿಡಿಸುವ ಕಾಲ

ಡಿಸೆಂಬರ್ ರಜೆಯಲ್ಲಿ ನಾಲ್ಕು ಜನ ಗೆಳೆಯರು ಸೇರಿ ರಾಯಚೂರು ಕಡೆಯ ಒಂದು ಸರ್ಕಾರಿ ಶಾಲೆಗೆ ಬರುತ್ತೇವೆ, ವಿಜ್ಞಾನದ ಕಿಟ್ ತರುತ್ತೇವೆ, ಎರಡು ದಿನ ಕಲಿಸುತ್ತೇವೆ, ಹೇಗೆ ಅಂತ ಬೆಂಗಳೂರಿನಿಂದ ಕೇಳಿದ್ದೀರಿ. ಮನಸ್ಸು ಒಳ್ಳೆಯದು. ಆದರೆ ಆಗ ಬಂದರೆ ನಿಮಗೆ ಬೆಂಚು ಸಿಗುತ್ತವೆ, ಮಕ್ಕಳು ಸಿಗೋದು ಕಷ್ಟ.

ನಾನು ಇಲ್ಲೇ ಮೆಕ್ಯಾನಿಕಲ್ 3ನೇ ವರ್ಷ ಓದುತ್ತಿದ್ದೇನೆ. ಎರಡು ವರ್ಷದಿಂದ ಶನಿವಾರ ಬೆಳಗ್ಗೆ ಕೃಷ್ಣಾ ನದಿ ಕಡೆಯ ಒಂದು ಹಳ್ಳಿ ಶಾಲೆಗೆ ಹೋಗುತ್ತೇನೆ. ಹೊಳೆ ದಾಟಿದರೆ ತೆಲಂಗಾಣದ ನಾರಾಯಣಪೇಟೆ ಜಿಲ್ಲೆ. ಮೊದಲ ವರ್ಷ ನಾನೂ ನಿಮ್ಮ ಹಾಗೇ ನವೆಂಬರ್ ಕೊನೆಗೆ ಹುಮ್ಮಸ್ಸಿನಿಂದ ಹೋದೆ. ಏಳನೇ ಕ್ಲಾಸಿನಲ್ಲಿ 31 ಹೆಸರು, ಎದುರಿಗೆ 12 ಮಕ್ಕಳು. ಉಳಿದವರು ಬೆಳಗ್ಗೆ ಆರಕ್ಕೇ ಟಂಟಂ ಆಟೋ ಏರಿ ಹತ್ತಿ ಬಿಡಿಸೋಕೆ ಹೋಗಿದ್ದರು. ಅದು ಮುಗಿಯುವಷ್ಟರಲ್ಲಿ ಮೆಣಸಿನಕಾಯಿ. ಅದಾದ ಮೇಲೆ ಕೆಲವು ಮನೆಗಳು ಗುಳೆ ಹೋಗುತ್ತವೆ, ನಿಮ್ಮ ಬೆಂಗಳೂರಿಗೇ. ನಿಮ್ಮ ಮನೆ ಹತ್ತಿರ ಕಟ್ಟಡ ಏಳುತ್ತಿದ್ದರೆ ಶೆಡ್ಡಿನಲ್ಲಿ ಸ್ವಲ್ಪ ವಿಚಾರಿಸಿ ನೋಡಿ, ನನ್ನ ಶಾಲೆಯ ಹುಡುಗರು ಅಲ್ಲೇ ಇದ್ದರೂ ಇರಬಹುದು.

ಕಿಟ್ ವಿಷಯ. ಶಾಲೆಯಲ್ಲಿ ಕಿಟ್ ಆಗಲೇ ಇದೆ. ಬೀರುವಿನಲ್ಲಿದೆ. ಒಡೆದರೆ ಲೆಕ್ಕ ಯಾರು ಕೊಡಬೇಕು ಅನ್ನೋ ಭಯಕ್ಕೆ ಯಾರೂ ಹೊರಗೆ ತೆಗೆಯೋದಿಲ್ಲ. ಅದನ್ನು ತಪ್ಪು ಅನ್ನೋಕೂ ನನಗೆ ಮನಸ್ಸಿಲ್ಲ, ಲೆಕ್ಕ ಕೊಡಬೇಕಾದವರು ಅವರು ತಾನೇ.

ಭಾಷೆ ಇನ್ನೊಂದು. ಪುಸ್ತಕ ಕನ್ನಡದ್ದು, ಅರ್ಧ ಮಕ್ಕಳ ಮನೆಮಾತು ತೆಲುಗು, ಕೆಲವರದು ಉರ್ದು. 1956ರ ತನಕ ನಾವು ಮೊದಲು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ, ಆಮೇಲೆ ಹೈದರಾಬಾದ್ ರಾಜ್ಯದಲ್ಲಿ ಇದ್ದವರು, ಮೂರೂ ಕಲಸಿ ಮಾತಾಡೋದು ಇಲ್ಲಿ ಮಾಮೂಲು. ನಾನು ನೆರಳಿನ ಪಾಠ ಮಾಡುವಾಗ ಹಿಂದಿನ ಬೆಂಚಿನ ಒಬ್ಬಳು ಬಾಯೇ ಬಿಡುತ್ತಿರಲಿಲ್ಲ. ಪಕ್ಕದವಳು ಮೆಲ್ಲಗೆ 'ನೀಡ' ಅಂದಳು. ತೆಲುಗಿನಲ್ಲಿ ನೆರಳಿಗೆ ಹಾಗಂತಾರೆ. ತಕ್ಷಣ ಈಕೆ ಎದ್ದು ನಿಂತು, ಬೆಳಗ್ಗೆ ಬೇವಿನ ಮರದ್ದು ಎಲ್ಲಿ ಬೀಳುತ್ತೆ, ಸಂಜೆ ಎಲ್ಲಿ, ಎಮ್ಮೆ ಯಾವಾಗ ಯಾವ ಕಡೆ ಕಟ್ಟಬೇಕು, ಎಲ್ಲಾ ಹೇಳಿದಳು. ನನಗಿಂತ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಹೇಳುತ್ತೇನೆ, ಆಗಸ್ಟ್‌ನಲ್ಲಿ ಬನ್ನಿ. ಮಕ್ಕಳು ಊರಲ್ಲಿ ಇರುತ್ತಾರೆ, ಜೊತೆಗೆ 8ನೇ ತಾರೀಖಿನ ಆಸುಪಾಸು ಸೂರ್ಯ ನೆತ್ತಿಗೆ ನೇರ ಬಂದು ನೆರಳು ಕಾಲಡಿಗೆ ಸೇರುತ್ತೆ. ಮೇ ಮೊದಲ ವಾರದಲ್ಲೂ ಬರುತ್ತೆ, ಆದರೆ ಆಗ ಶಾಲೆ ಇಲ್ಲ, ಮತ್ತೆ ಆ ಬಿಸಿಲಿನಲ್ಲಿ ಅಂಗಳದಲ್ಲಿ ನಿಲ್ಲಿಸಿದರೆ ತಾಯಂದಿರು ನಮ್ಮನ್ನು ಬಿಡೋದಿಲ್ಲ. ಮೊದಲ ವರ್ಷ ಮೋಡ ಕವಿದು ಏನೂ ಕಾಣಲಿಲ್ಲ. ಹೋದ ವರ್ಷ ಕಾಲೇಜಿಗೆ ಚಕ್ಕರ್ ಹೊಡೆದು ಹೋಗಿದ್ದೆ. ಬಿಸಿಯೂಟದ ಸ್ಟೀಲ್ ಲೋಟ ಬೋರಲು ಹಾಕಿ ಎಲ್ಲರೂ ಸುತ್ತ ಕೂತೆವು. 12 ಆಯಿತು, ನೆರಳು ಇನ್ನೂ ಇದೆ. "ಸರ, ನಿಮ್ ಲೆಕ್ಕ ತಪ್ಪೈತಿ" ಅಂದ ಒಬ್ಬ. 12:26ಕ್ಕೆ ಲೋಟದ ಸುತ್ತ ಏನೂ ಇಲ್ಲ! ನಮ್ಮ ದೇಶದ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ರಾಯಚೂರು ಇರೋದು 77 ಡಿಗ್ರಿ ಚಿಲ್ಲರೆಯಲ್ಲಿ, ಡಿಗ್ರಿಗೆ 4 ನಿಮಿಷದಂತೆ ಸೂರ್ಯ ನಮ್ಮ ನೆತ್ತಿಗೆ ಬರೋದು ಸುಮಾರು 20 ನಿಮಿಷ ತಡ. ಮಿಕ್ಕ ಐದಾರು ನಿಮಿಷ ಭೂಮಿ ಸುತ್ತುವ ದಾರಿಯ ಓರೆಕೋರೆಯದು, ಅದನ್ನು ಹೇಳೋಕೆ ಹೋಗಿ ನಾನೇ ತಡವರಿಸಿದೆ.

ಶಾಲೆ ಅಂಗಳದಿಂದ ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. 1985ರಿಂದ ಕರೆಂಟ್ ಮಾಡುತ್ತಿದೆ, ಈಗ 8 ಘಟಕ, 1720 ಮೆಗಾವ್ಯಾಟ್. ನಾನು ಲ್ಯಾಪ್‌ಟಾಪು, ಪ್ರೊಜೆಕ್ಟರು ಹೊತ್ತು ಹೋದ ದಿನವೇ ಶಾಲೆಯಲ್ಲಿ ಕರೆಂಟ್ ಇರಲಿಲ್ಲ ಅನ್ನೋದು ಬೇರೆ ಮಾತು. ಮಕ್ಕಳು ಆ ಸ್ಥಾವರವನ್ನು ಮೋಡ ಮಾಡೋ ಫ್ಯಾಕ್ಟರಿ ಅಂದುಕೊಂಡಿದ್ದರು. ಕಲ್ಲಿದ್ದಲು ಸುಟ್ಟು ನೀರು ಕುದಿಸುತ್ತಾರೆ, ಆ ಹಬೆ ಚಕ್ರ ತಿರುಗಿಸುತ್ತೆ ಅಂದೆ. "ನೀರ್ ಕಾಸಾಕ ಅಷ್ಟ್ ದೊಡ್ಡ ಒಲಿನಾ?" ಅಂತ ನಕ್ಕರು. ಆಗ ಬಿಸಿಯೂಟದ ಅಕ್ಕ ತಮ್ಮ ಮನೆ ಕುಕ್ಕರ್ ತಂದುಕೊಟ್ಟರು. ವಿಷಲ್ ಬರುವ ಕಡೆ ಉದ್ದ ಕಡ್ಡಿಗೆ ಸಿಕ್ಕಿಸಿದ ಕಾಗದದ ಗಿರಗಿಟ್ಲೆ ಹಿಡಿದೆ. ಮೊದಲು ಗ್ಯಾಸ್ಕೆಟ್ ಸಂದಿಯಿಂದ ಬುಸ್ ಅಂತ ಹಬೆಯೆಲ್ಲ ಸೋರಿ ಮಾನ ಹೋಯಿತು. ಅಕ್ಕ ಮುಚ್ಚಳ ತೆಗೆದು ಗ್ಯಾಸ್ಕೆಟ್ ತಣ್ಣೀರಿನಲ್ಲಿ ಅದ್ದಿ ಮತ್ತೆ ಹಾಕಿದರು. ಎರಡನೇ ಸಲ ಗಿರಗಿಟ್ಲೆ ಗರಗರ ತಿರುಗಿ ಒದ್ದೆಯಾಗಿ ಹರಿದೇ ಹೋಯಿತು. ಆ ವಾರದಿಂದ ಚಿಮಣಿ ಬಗ್ಗೆ ನನಗಿಂತ ಜಾಸ್ತಿ ಅವರೇ ಮಾತಾಡುತ್ತಾರೆ. ಬೂದಿ ಎಲ್ಲಿ ಹಾಕ್ತಾರೆ, ನೀರು ಹೊಳೆಯದ್ದಾ, ಒಳಗೆ ಕೆಲಸಕ್ಕೆ ಏನು ಓದಬೇಕು, ಹೀಗೆ.

ಎರಡು ದಿನದ ಬದಲು ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಬ್ಬರಂತೆ ಬರೋಕೆ ಆಗುತ್ತಾ ನೋಡಿ. ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ರಾಯಚೂರು, ನಾನು ಬೈಕ್ ತರುತ್ತೇನೆ. ತೆಲುಗು ಬರುವವರು ಒಬ್ಬರಿದ್ದರೆ ಮೊದಲು ಅವರನ್ನೇ ಕಳಿಸಿ. ಕಿಟ್ ಬೇಡ. ಐದು ಲೀಟರ್ ಕುಕ್ಕರಿನ ಗ್ಯಾಸ್ಕೆಟ್ ಒಂದು ತನ್ನಿ, ಅಕ್ಕನದು ಈಗ ಪೂರ್ತಿ ಸೀಳಿದೆ.